ಎರಡು ಬೆಳಗಿನ ನೀಬೋರ್ಡ್ ಕ್ಲಾಸ್: ಮೇಷ್ಟ್ರಿಗೆ ಪೂರ್ತಿ ಮಾರ್ಕ್ಸ್, ದೋಣಿಗೆ ಅರ್ಧ

"ನೀ ಬೋರ್ಡಿಂಗ್ ಮಾಡೋಕೆ ಹೋದ್ರೆ, ನಾ ಏನು ಮಾಡ್ಲಿ?" ಅಂತ ನಮ್ಮ ಯಜಮಾನರು ಶುಕ್ರವಾರ ರಾತ್ರಿ ಜೋಕ್ ಹೊಡೆದರು. ಆ 'ನೀ' ನಮ್ಮ 'ನೀ' ಅಲ್ಲ, ಇಂಗ್ಲಿಷಿನ ಮಂಡಿ. ಅಗಲವಾದ ಒಂದು ಹಲಗೆ, ಮೇಲೆ ಮೆತ್ತನೆ ಪ್ಯಾಡ್. ಅದರ ಮೇಲೆ ಮಂಡಿಯೂರಿ ಕೂತು, ತೊಡೆಗೆ ಪಟ್ಟಿ ಬಿಗಿದುಕೊಂಡು, ಮೋಟಾರ್ ಬೋಟ್ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಜಾರುವುದು. ಇಷ್ಟೇ ಆಟ.

ನನಗೆ 43 ವರ್ಷ. ಬಸವನಗುಡಿಯಲ್ಲಿ ಮನೆ. ಈಜು ಕಲಿತಿದ್ದೇ 38ಕ್ಕೆ, ಅದೂ ಈಜುಕೊಳದಲ್ಲಿ. ಬೆಂಗಳೂರಿನ ಕೆರೆಗಳಲ್ಲಿ ಇದನ್ನೆಲ್ಲ ಕಲಿಯುವ ಮಾತೇ ಇಲ್ಲ ಬಿಡಿ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ಟಿವಿಯಲ್ಲಿ ನೋಡಿದ ಜನ ನಾವು. ಹಾಗಾಗಿ ಶನಿವಾರ, ಭಾನುವಾರ ಎರಡೂ ದಿನ ನಾಲ್ಕೂವರೆಗೆ ಎದ್ದು, ಊರಾಚೆ ಎರಡು ಗಂಟೆ ದಾರಿಯ ಒಂದು ಹಿನ್ನೀರಿಗೆ ಹೋದೆವು. ಬೇಗ ಹೋಗುವುದು ಟ್ರಾಫಿಕ್ಕಿಗೆ ಹೆದರಿ ಮಾತ್ರ ಅಲ್ಲ. ಒಂಬತ್ತರ ಮೇಲೆ ಗಾಳಿ ಏಳುತ್ತದೆ, ನೀರು ಕುಲುಕುತ್ತದೆ. ಹೊಸಬರಿಗೆ ಕನ್ನಡಿಯಂಥ ನೀರೇ ಬೇಕು. ಕ್ಲಾಸಿನವರ ಹೆಸರು ಹಾಕುತ್ತಿಲ್ಲ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ಮೊದಲ ದಿನ ಒಂದು ಗಂಟೆ ಹೊತ್ತು ನೀರಿಗೇ ಇಳಿಸಲಿಲ್ಲ. ನಮ್ಮ ಗುಂಪಿನಲ್ಲಿದ್ದ ಇಬ್ಬರು ಕಾಲೇಜು ಹುಡುಗರಿಗೆ ಸಿಟ್ಟೇ ಬಂತು. ಹುಲ್ಲಿನ ಮೇಲೆ ಬೋರ್ಡ್ ಇಟ್ಟು, ಅದರ ಮೇಲೆ ಕೂರಿಸಿ, ಪಟ್ಟಿ ಹಾಕಿಸಿ, "ಈಗ ಬಿಚ್ಚಿ" ಅಂದರು ಮೇಷ್ಟ್ರು. ಬಿಚ್ಚಿದೆ. "ಕಣ್ಣು ಮುಚ್ಚಿಕೊಂಡು ಬಿಚ್ಚಿ." ಬಿಚ್ಚಿದೆ. ಆಮೇಲೆ ಬೋರ್ಡ್ ಸಮೇತ ನನ್ನನ್ನು ಪಕ್ಕಕ್ಕೆ ಉರುಳಿಸಿ, ಹುಲ್ಲಿಗೆ ಕೆನ್ನೆ ತಾಗಿರುವಾಗ, "ಈಗ ಎಡಗೈಯಲ್ಲಿ." ಹೀಗೆ ಹದಿನೈದು ಇಪ್ಪತ್ತು ಸಲ. ಪಟ್ಟಿ ವೆಲ್ಕ್ರೋದ್ದು. ತುದಿಯಲ್ಲಿ ಬೆರಳು ತೂರುವಷ್ಟು ಒಂದು ಕುಣಿಕೆ. ಅದನ್ನು ಹಿಡಿದು ಮೇಲಕ್ಕೆ ಎಳೆದರೆ ಚರ್ರ್ ಅಂತ ಬಿಚ್ಚಿಕೊಳ್ಳುತ್ತದೆ. ಕುಣಿಕೆ ಪಟ್ಟಿಯ ಅಡಿಗೆ ಮಡಿಚಿಕೊಂಡಿತ್ತೋ, ಗ್ರಹಚಾರ. ಪ್ರತಿ ಸಲ ಕೂತಾಗಲೂ ಅದು ಹೊರಗಿದೆಯಾ ಅಂತ ಕೈಯಾಡಿಸಿ ನೋಡುವುದನ್ನು ಅಭ್ಯಾಸ ಮಾಡಿಸಿದರು.

ಅದೆಲ್ಲ ಅತಿಯಾಯ್ತು ಅಂತ ನನಗೂ ಅನಿಸಿತ್ತು, ನಾಲ್ಕನೇ ಸುತ್ತಿನವರೆಗೆ.

ಹೊರಡುವ ಕ್ರಮ ಹೀಗೆ. ಬೋರ್ಡಿನ ಮೇಲೆ ಬೋರಲು ಮಲಗಬೇಕು. ಮೂತಿಯಲ್ಲಿರುವ ಕೊಕ್ಕೆಗೆ ಹಗ್ಗದ ಹಿಡಿ ಸಿಕ್ಕಿಸಬೇಕು. ದೋಣಿ ಮೊದಲು ಹಗ್ಗವನ್ನು ನಿಧಾನವಾಗಿ ಬಿಗಿ ಮಾಡುತ್ತದೆ, ಆಮೇಲೆ ಎಳೆಯುತ್ತದೆ. ಬೋರ್ಡ್ ನೀರಿನ ಮೇಲೆದ್ದು ಜಾರತೊಡಗಿದ ಮೇಲೆ ಮೊಣಕೈ ಊರಿ, ಒಂದೊಂದೇ ಮಂಡಿಯನ್ನು ಪ್ಯಾಡಿಗೆ ತರಬೇಕು. ಹಿಮ್ಮಡಿ ಮೇಲೆ ಕೂತು, ಪಟ್ಟಿ ಬಿಗಿದು, ಆಮೇಲಷ್ಟೇ ಕೊಕ್ಕೆಯಿಂದ ಹಿಡಿ ಬಿಡಿಸಿಕೊಳ್ಳುವುದು. ಅಲ್ಲಿಯವರೆಗೆ ಡ್ರೈವರ್ ವೇಗ ಏರಿಸುವ ಹಾಗಿಲ್ಲ. ನಂತರವೂ ನಮ್ಮನ್ನು ಗಂಟೆಗೆ 25 ಕಿಲೋಮೀಟರ್ ಆಸುಪಾಸಿನಲ್ಲೇ ಇಟ್ಟಿದ್ದರು. ಓದುವಾಗ ಆಟೋ ವೇಗ ಅನಿಸುತ್ತದೆ. ನೀರಿಗೆ ಅಷ್ಟು ಹತ್ತಿರ ಕೂತಾಗ ಅದು ರೈಲು.

ನಾಲ್ಕನೇ ಸುತ್ತಿನಲ್ಲಿ ದೋಣಿ ತಿರುಗುವಾಗ ಹಗ್ಗ ಸ್ವಲ್ಪ ಸಡಿಲವಾಯಿತು. ನಾನು ಮುಂದಕ್ಕೆ ಬಾಗಿದೆ. ಬಾಗಬಾರದಿತ್ತು. ಬೋರ್ಡಿನ ಮೂತಿ ನೀರಿಗೆ ಕಚ್ಚಿಕೊಂಡಿತು, ನಾನು ತಲೆಕೆಳಗು. ಬೋರ್ಡ್ ಮೇಲೆ, ನಾನು ಕೆಳಗೆ, ಮಂಡಿಗಳು ಅದಕ್ಕೆ ಕಟ್ಟಿಹಾಕಿದ ಹಾಗೆ. ಕಣ್ಣಿಗೆ ಬರೀ ಹಸಿರು. ಲೈಫ್ ಜಾಕೆಟ್ ಮೇಲಕ್ಕೆ ಎಳೆಯುತ್ತಿದೆ, ಆದರೆ ಮೇಲೆ ಬೋರ್ಡ್ ಇದೆ. ಕಿರುಚೋಣ ಅಂತ ತಲೆಗೆ ಬಂತು, ನೀರೊಳಗೆ ಯಾರಿಗೆ ಕೇಳಬೇಕು! ಅಷ್ಟರಲ್ಲಿ ಕೈ ತಾನಾಗೇ ತೊಡೆಗೆ ಹೋಗಿ ಕುಣಿಕೆ ಹುಡುಕಿತು. ಚರ್ರ್. ಒಟ್ಟು ಮೂರು ಸೆಕೆಂಡ್ ಇರಬಹುದು. ಮೂಗಿನೊಳಗೆ ಅರ್ಧ ಕೆರೆ ಹೋಗಿತ್ತು. ಹುಲ್ಲಿನ ಮೇಲೆ ಉರುಳಿಸಿದ್ದಕ್ಕೆ ಮೇಷ್ಟ್ರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮಂಡಿಯ ವಿಷಯ. ಇದು ವಜ್ರಾಸನವೇ. ದಿನಾ ಊಟ ಆದ ಮೇಲೆ ಹತ್ತು ನಿಮಿಷ ಕೂರುವವಳು ನಾನು, ಇದೇನು ಮಹಾ ಅಂದುಕೊಂಡಿದ್ದೆ. ಚಾಪೆ ಮೇಲಿನ ವಜ್ರಾಸನಕ್ಕೆ ಯಾರೂ ಅಡಿಯಿಂದ ಗುದ್ದುವುದಿಲ್ಲ ನೋಡಿ. ಇಲ್ಲಿ ಪ್ರತಿ ಅಲೆಯೂ ಬೆನ್ನುಮೂಳೆವರೆಗೆ ಬರುತ್ತದೆ. ಏಳೆಂಟು ನಿಮಿಷಕ್ಕೆ ಎಡಗಾಲು ಜೋಮು ಹಿಡಿಯಿತು. ಮಂಡಿ ಚಿಪ್ಪಿನ ತೊಂದರೆ ಇರುವವರು, ಸೊಂಟ ನೋವಿನವರು ಸುಮ್ನೆ ದಡದಲ್ಲಿ ಕೂತು ಕಾಫಿ ಕುಡಿಯುವುದು ಒಳ್ಳೆಯದು.

ಇನ್ನು ದೂರು. ಲೈಫ್ ಜಾಕೆಟ್‌ಗಳು ಮಾಸಲು ಬಣ್ಣದವು, ಎಲ್ಲಕ್ಕೂ ಒಳಗಿನ ಚೀಟಿಯಲ್ಲಿ 50 ಅಂತ ಇತ್ತು. ಅದು 50 ನ್ಯೂಟನ್ ತೇಲುವ ಬಲ. ಈಜು ಬಂದು, ಹತ್ತಿರದಲ್ಲೇ ಸಹಾಯ ಇರುವವರಿಗೆ ಅದು ಸಾಕು. ಈಜು ಬಾರದವರಿಗೆ 100ರದ್ದು ಬೇಕು. ದೋಣಿಯಲ್ಲಿ ಸುಮ್ಮನೆ ಕೂತು ಬರಲು ಬಂದಿದ್ದ ಒಬ್ಬ ಅಜ್ಜಿಗೂ ಇದನ್ನೇ ತೊಡಿಸಿದ್ದರು. ಭುಜದ ಹತ್ತಿರ ಹಿಡಿದು ಎತ್ತಿ ನೋಡಿದೆ, ಜಾಕೆಟ್ ಅಜ್ಜಿಯ ಕಿವಿಯವರೆಗೆ ಬಂತು. ಪಟ್ಟಿಗಳನ್ನು ನಾನೇ ಬಿಗಿದೆ. ಮೇಷ್ಟ್ರು ಒಪ್ಪಿಕೊಂಡರು, ಆದರೆ ಅವರ ಹತ್ತಿರ ಬೇರೆ ಇರಲಿಲ್ಲ.

ಭಾನುವಾರ ಮೇಷ್ಟ್ರು ಬರಲಿಲ್ಲ. ಡ್ರೈವರ್ ಮತ್ತು ಒಬ್ಬ ಹುಡುಗ ಇದ್ದರು. ಡ್ರೈವರ್ ಮುಂದೆ ನೋಡಬೇಕು, ಇನ್ನೊಬ್ಬ ಹಿಂದೆ, ಅಂದರೆ ನಮ್ಮನ್ನು ನೋಡುತ್ತಲೇ ಇರಬೇಕು. ಅವನಿಗೆ ಸ್ಪಾಟರ್ ಅಂತ ಹೆಸರು. ಹೆಬ್ಬೆರಳು ಮೇಲೆ ಮಾಡಿದರೆ ಜಾಸ್ತಿ ವೇಗ, ಕೆಳಗೆ ಮಾಡಿದರೆ ಕಡಿಮೆ, ತಲೆ ತಟ್ಟಿಕೊಂಡರೆ ದಡಕ್ಕೆ ವಾಪಸ್. ನಾನು ತಲೆ ತಟ್ಟಿಕೊಂಡೆ. ಹುಡುಗ ಫೋನಿನಲ್ಲಿ ನನ್ನ ವಿಡಿಯೋ ತೆಗೆಯುತ್ತಾ, ನನಗೇ ಹೆಬ್ಬೆರಳು ಎತ್ತಿ ತೋರಿಸಿದ! ಕೊನೆಗೆ ಹಿಡಿ ಬಿಟ್ಟು ನೀರಿಗೆ ಬಿದ್ದೆ. ಅದೂ ಅವನಿಗೆ ಗೊತ್ತಾಗಲಿಲ್ಲ, ಆ ಹೊತ್ತಿಗೆ ವಿಡಿಯೋ ಕಳಿಸುತ್ತಿದ್ದ. ಎರಡೂ ಕೈ ಎತ್ತಿಕೊಂಡು ತೇಲುತ್ತಿದ್ದೆ. ದೋಣಿ ಚಿಕ್ಕದಾಗುತ್ತಾ ಹೋಯಿತು. ಮೊದಲು ನನ್ನ ಹತ್ತಿರ ಬಂದದ್ದು ತೆಪ್ಪದಲ್ಲಿ ಬಲೆ ಎತ್ತುತ್ತಿದ್ದ ಮೀನುಗಾರ. "ಆ ಕಡೆ ಹೋಗ್ಬೇಡಿ ಅಮ್ಮ, ಅಡಿಯಲ್ಲಿ ಮೋಟುಮರ ಐತೆ" ಅಂದ. ಜಲಾಶಯ ತುಂಬುವ ಮೊದಲು ಅಲ್ಲಿ ತೋಪು ಇತ್ತಂತೆ. ನೀರು ಇಳಿದಾಗ ಮೋಟುಗಳು ಒಂದು ಗೇಣು ಕೆಳಗೇ ಇರುತ್ತವಂತೆ. ಇದನ್ನು ಹೇಳಬೇಕಾದವರು ಕ್ಲಾಸಿನವರು, ಅಲ್ವಾ?

ದೋಣಿ ಹುಡುಕಿಕೊಂಡು ಬಂತು. ಡ್ರೈವರ್ ಇಂಜಿನ್ ಆಫ್ ಮಾಡದೆ, "ಹತ್ತಿ ಮೇಡಂ" ಅಂದ. ನಾನು ಹತ್ತಲಿಲ್ಲ. ಏಣಿ ಇರುವುದು ಹಿಂದೆ, ಪ್ರೊಪೆಲ್ಲರ್ ಇರುವುದೂ ಅಲ್ಲೇ. ಹೊಗೆ ಬರುವುದೂ ಅಲ್ಲೇ. ಆ ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ಏಣಿ ಹಿಡಿದು ನೇತಾಡುವವರಿಗೆ ತಲೆ ಸುತ್ತಿದ ಮೇಲೇ ಗೊತ್ತಾಗುವುದು. ಇದನ್ನೆಲ್ಲ ಶನಿವಾರ ಮೇಷ್ಟ್ರೇ ಹೇಳಿದ್ದರು. ಇಂಜಿನ್ ನಿಲ್ಲುವವರೆಗೆ ಹತ್ತು ಅಡಿ ದೂರದಲ್ಲಿ ತೇಲುತ್ತಾ ಜಗಳ ಆಡಿದೆ.

ಎರಡು ದಿನಕ್ಕೆ 6,500 ರೂಪಾಯಿ. ಶನಿವಾರದ ಕ್ಲಾಸಿಗೇ ಅಷ್ಟು ಕೊಡುತ್ತಿದ್ದೆ, ಭಾನುವಾರದ್ದಕ್ಕೆ ನಯಾಪೈಸೆ ಕೊಡುತ್ತಿರಲಿಲ್ಲ. ಸೋಮವಾರ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಮುಂದಿನ ಸಲ ನಾನು ಇರ್ತೀನಿ, ಖಾತ್ರಿ ಮಾಡ್ಕೊಂಡೇ ಬನ್ನಿ" ಅಂದರು. ಡಿಸೆಂಬರಿನಲ್ಲಿ ಹೋಗುತ್ತೇನೆ. 100ರ ಜಾಕೆಟ್ ಒಂದನ್ನು ಕೊಂಡಾಗಿದೆ, ಮೊದಲ ಸುತ್ತಿನಲ್ಲೇ ಸ್ಪಾಟರ್ ಫೋನ್ ಇಸಿದುಕೊಂಡು ನನ್ನ ಬ್ಯಾಗಿಗೆ ಹಾಕುವುದೂ ಖಂಡಿತ.

ಹೋಗುವವರು ಟವೆಲ್ ಜೊತೆ ಒಂದು ಬೀಗವನ್ನೂ ತಗೊಂಡು ಹೋಗಿ. ಬಟ್ಟೆ ಬದಲಾಯಿಸುವ ಕೋಣೆಯ ಚಿಲಕ ಕಿತ್ತುಹೋಗಿದೆ.