ಪಿಗ್ಮಿ ಖಾತೆ: ಸಾಲ ತೀರಿಸುತ್ತಲೇ ಕ್ರಿಸ್ಮಸ್‌ಗೆ ಹಣ ಕೂಡಿಡುವವರಿಗೆ ಎಷ್ಟು ಹೊಂದುತ್ತದೆ?

ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳಲ್ಲಿ ಡಿಸೆಂಬರ್ ತಿಂಗಳ ಖರ್ಚು ಏನೇನು ಎಂಬುದು ಜನವರಿಯಲ್ಲೇ ಗೊತ್ತಿರುತ್ತದೆ. ಕುಸ್ವಾರ್‌ಗೆ, ಅಂದರೆ ಕ್ರಿಸ್ಮಸ್ ತಿಂಡಿಗಳಿಗೆ, ಬೇಕಾದ ಮೈದಾ, ಬೆಲ್ಲ, ತೆಂಗಿನಕಾಯಿ, ಎಣ್ಣೆ, ಗೋಡಂಬಿ, ಮಕ್ಕಳಿಗೆ ಹೊಸ ಬಟ್ಟೆ, ಗೋದಲಿ ಮತ್ತು ನಕ್ಷತ್ರ, ಹಬ್ಬದ ದಿನದ ಮಾಂಸ, ಬೆಂಗಳೂರು ಮುಂಬೈಗಳಿಂದ ಬರುವವರ ಟಿಕೆಟ್ ಇವು ಯಾವುವೂ ಹೊಸತಲ್ಲ. ಆದರೂ ಎಷ್ಟೋ ಕುಟುಂಬಗಳು ಕ್ರೆಡಿಟ್ ಕಾರ್ಡ್ ಉಜ್ಜಿಯೋ ಬಂಗಾರ ಅಡವಿಟ್ಟೋ ಹಬ್ಬ ಮಾಡಿ, ಮುಂದಿನ ಸೆಪ್ಟೆಂಬರಿನ ಮೊಂತಿ ಫೆಸ್ಟ್ (ಮೇರಿ ಮಾತೆಯ ಹಬ್ಬ) ಬಂದರೂ ಅದರ ಬಡ್ಡಿಯನ್ನು ಕಟ್ಟುತ್ತಲೇ ಇರುತ್ತವೆ. ಹಳೆಯ ಸಾಲ ತೀರುವ ಮೊದಲೇ ಮತ್ತೊಂದು ಕ್ರಿಸ್ಮಸ್ ಎದುರಿಗೆ ನಿಲ್ಲುತ್ತದೆ. ಇಂಥ ಮನೆಗಳಿಗೆ, ದಿನವೂ ಬಾಗಿಲಿಗೇ ಬಂದು ಸಣ್ಣ ಮೊತ್ತದ ಠೇವಣಿ ಪಡೆಯುವ ಪಿಗ್ಮಿ ಖಾತೆ ಎಂಬ ನಮ್ಮದೇ ಊರಿನ ಸೇವೆ ನಿಜವಾಗಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಪಿಗ್ಮಿಯ ಮೂಲ ಉಡುಪಿಯಲ್ಲಿದೆ. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಅವರು ಅಲ್ಲಿ ಸ್ಥಾಪಿಸಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವ ಉದ್ದೇಶದಿಂದ ಹುಟ್ಟಿದ್ದು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಪ್ರತಿನಿಧಿಗಳು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಆದರೆ ದಿನದ ದುಡಿಮೆಯವನು ದಿನವೂ ಸ್ವಲ್ಪ ಉಳಿಸಬಲ್ಲ, ತಿಂಗಳ ಕೊನೆಗೆ ಒಟ್ಟಿಗೆ ಉಳಿಸಲಾರ ಎಂಬ ಆ ಯೋಜನೆಯ ತಿಳಿವಳಿಕೆ ಇಂದಿಗೂ ಹಳತಾಗಿಲ್ಲ. ಈಗ ಕರಾವಳಿಯ ಪ್ರತಿ ಪೇಟೆಯಲ್ಲೂ ಸಹಕಾರಿ ಬ್ಯಾಂಕುಗಳು ಮತ್ತು ಪತ್ತಿನ ಸಹಕಾರ ಸಂಘಗಳು ಇದೇ ಸೇವೆಯನ್ನು ನಡೆಸುತ್ತಿವೆ.

ಸೇವೆಯ ನಿಜವಾದ ಬಲ ಇರುವುದು ಪಿಗ್ಮಿ ಕಲೆಕ್ಟರರಲ್ಲಿ. ಅವರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅಂಗಡಿಗೆ ಬರುತ್ತಾರೆ, ಗಲ್ಲಾದಲ್ಲಿರುವ ಹಣದಿಂದ ನಲವತ್ತೋ ಐವತ್ತೋ ಪಡೆಯುತ್ತಾರೆ, ಕೈಯಲ್ಲಿರುವ ಯಂತ್ರದಿಂದ ಚೀಟಿ ಹರಿದು ಕೊಟ್ಟು ಮುಂದಿನ ಅಂಗಡಿಗೆ ಹೋಗುತ್ತಾರೆ. ಮೊಬೈಲಿನಲ್ಲಿ ಹಣ ವರ್ಗಾಯಿಸುವ ಅನುಕೂಲ ಎಲ್ಲರಿಗೂ ಇರುವ ಈ ಕಾಲದಲ್ಲಿ ಮನುಷ್ಯರೇ ಬಂದು ಕೇಳಬೇಕೇ ಎಂದು ಅನ್ನಿಸಬಹುದು. ನನ್ನ ಅನುಭವದಲ್ಲಿ, ಕೇಳುವವರು ಬಂದು ಎದುರು ನಿಂತಾಗ ಮಾತ್ರ ಹೊರಬರುವ ಉಳಿತಾಯ ಒಂದಿದೆ, ಮತ್ತು ಟೈಲರ್, ಆಟೋ ಚಾಲಕ, ಬ್ಯೂಟಿ ಪಾರ್ಲರ್ ನಡೆಸುವ ಮಹಿಳೆ, ಮೀನು ಮಾರುವವರು ಇಂಥವರ ಮನೆಗಳಲ್ಲಿ ಹೆಚ್ಚಿನ ಉಳಿತಾಯ ಅದೇ. ಈ ಕಲೆಕ್ಟರರ ದುಡಿಮೆಗೆ ಕಾನೂನಿನ ಮನ್ನಣೆ ದೊರೆಯಲು ಬಹಳ ಕಾಲ ಹಿಡಿಯಿತು. ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಅವರು ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2001ರಲ್ಲಿ. ಮಳೆಯಲ್ಲೂ ತಪ್ಪದೆ ಬರುವ ಅವರನ್ನು ಗೌರವದಿಂದ ಕಾಣುವುದು ಈ ಸೇವೆಯನ್ನು ಬಳಸುವವರ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಎರಡನೆಯ ಗುಣವೆಂದರೆ ಮೊತ್ತದ ಸಡಿಲಿಕೆ. ಬ್ಯಾಂಕಿನ ಆರ್‌ಡಿಯಲ್ಲಿ (ಆವರ್ತಕ ಠೇವಣಿ) ಪ್ರತಿ ತಿಂಗಳೂ ನಿಗದಿತ ಕಂತನ್ನು ಕಟ್ಟಬೇಕು, ತಪ್ಪಿದರೆ ದಂಡ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಅದೇ ಹೊತ್ತಿಗೆ ಶಾಲೆಯ ಫೀಸು, ಪುಸ್ತಕ, ಕೊಡೆಗಳ ಖರ್ಚೂ ಬರುತ್ತದೆ. ಬಂದರನ್ನು ನಂಬಿದ ಐಸ್ ಪ್ಲಾಂಟ್, ಹೋಟೆಲು, ಟೆಂಪೋಗಳ ವರಮಾನವೂ ಆಗ ಕುಗ್ಗುತ್ತದೆ. ಸಾಮಾನ್ಯವಾಗಿ ಪಿಗ್ಮಿಯಲ್ಲಿ ಆ ದಿನಗಳಿಗೆ ಹತ್ತು ರೂಪಾಯಿಗೆ ಇಳಿದು, ದೋಣಿಗಳು ಕಡಲಿಗಿಳಿದ ಮೇಲೆ ನೂರಕ್ಕೆ ಏರಲು ಅವಕಾಶವಿರುತ್ತದೆ. ವರಮಾನದ ಏರಿಳಿತಕ್ಕೆ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಬೇರೆ ಠೇವಣಿಯನ್ನು ನಾನು ಕಂಡಿಲ್ಲ.

ಇನ್ನು ದೋಷಗಳಿಗೆ ಬರೋಣ. ಪಿಗ್ಮಿಯ ಬಡ್ಡಿ ಕಡಿಮೆ. ಕಲೆಕ್ಟರರ ಕಮಿಷನ್ ಅನ್ನು ಸಂಸ್ಥೆ ಭರಿಸಬೇಕಾಗಿರುವುದರಿಂದ ಅದು ಕಡಿಮೆ ಇರಲೇಬೇಕು. ಅವಧಿಗೆ ಮೊದಲೇ ಖಾತೆ ಮುಚ್ಚಿದರೆ ಅನೇಕ ಕಡೆ ಬಡ್ಡಿಯೂ ಸಿಗದು, ಕಮಿಷನ್ನಿನ ಹಣವನ್ನೂ ಅಸಲಿನಿಂದ ಮುರಿದುಕೊಳ್ಳುತ್ತಾರೆ. ಕ್ರಿಸ್ಮಸ್‌ಗೆಂದು ಖಾತೆ ತೆರೆಯುವವರು ಎಡವುವುದು ಇಲ್ಲಿಯೇ. ಹೊಸ ವರ್ಷದ ಉತ್ಸಾಹದಲ್ಲಿ ಜನವರಿಯಲ್ಲಿ ತೆರೆದ ಒಂದು ವರ್ಷದ ಖಾತೆ ಪಕ್ವವಾಗುವುದು ಮುಂದಿನ ಜನವರಿಯಲ್ಲಿ, ಹಬ್ಬ ಮುಗಿದ ಮೇಲೆ. ಡಿಸೆಂಬರಿನಲ್ಲಿ ಹಣ ಬೇಕೆಂದು ಹೋದರೆ ಅವಧಿಪೂರ್ವ ಮುಕ್ತಾಯದ ನಿಯಮವನ್ನು ಅನ್ವಯಿಸುತ್ತಾರೆ. ಆದ್ದರಿಂದ ಖಾತೆಯನ್ನು ನವೆಂಬರ್ ಮುಗಿಯುವ ಮುನ್ನ ತೆರೆಯಬೇಕು. ಆಗ ಮುಂದಿನ ವರ್ಷದ ಕುಸ್ವಾರ್ ಸಾಮಾನು ತರುವ ವಾರಕ್ಕೆ ಸರಿಯಾಗಿ ಹಣ ಕೈಸೇರುತ್ತದೆ. ಈ ಸರಳ ವಿಷಯವನ್ನು ಯಾವ ಕೌಂಟರಿನಲ್ಲೂ ತಾವಾಗಿಯೇ ಹೇಳಿದ್ದನ್ನು ನಾನು ಕೇಳಿಲ್ಲ.

ಸಾಲದ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ದಿನಕ್ಕೆ 40 ರೂಪಾಯಿಯಂತೆ ತಿಂಗಳಿಗೆ ಇಪ್ಪತ್ತೈದು ದಿನ ಕಟ್ಟಿದರೆ 1,000 ರೂಪಾಯಿ, ವರ್ಷಕ್ಕೆ 12,000 ರೂಪಾಯಿ ಆಗುತ್ತದೆ. ಇಷ್ಟನ್ನೇ ಶೇ. 6.5 ಬಡ್ಡಿಯ ಆರ್‌ಡಿಯಲ್ಲಿ ಕಟ್ಟಿದರೂ ವರ್ಷದ ಕೊನೆಗೆ ಸಿಗುವ ಬಡ್ಡಿ ಸುಮಾರು 425 ರೂಪಾಯಿ, ಪಿಗ್ಮಿಯಲ್ಲಿ ಅದಕ್ಕೂ ಕಡಿಮೆ. ಅದೇ ಸಾವಿರವನ್ನು ತಿಂಗಳಿಗೆ ಶೇ. 3.5 ಬಡ್ಡಿ ಹಾಕುವ ಕ್ರೆಡಿಟ್ ಕಾರ್ಡಿನ ಹಳೆಯ ಬಾಕಿಗೆ ಕಟ್ಟಿದರೆ, ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿಯೂ ಸೇರಿ, ಚಕ್ರಬಡ್ಡಿಯನ್ನು ಗಣಿಸದಿದ್ದರೂ 3,200 ರೂಪಾಯಿಯಷ್ಟು ಉಳಿಯುತ್ತದೆ. ಹಾಗಾದರೆ ಎಲ್ಲವನ್ನೂ ಕಾರ್ಡಿಗೆ ಕಟ್ಟಿ, ಡಿಸೆಂಬರಿನಲ್ಲಿ ಹಬ್ಬಕ್ಕೆ ಬೇಕಾದ 12,000 ರೂಪಾಯಿಯನ್ನು ಅದೇ ಕಾರ್ಡಿನಿಂದ ಬಳಸಿದರೆ ಲಾಭವಲ್ಲವೇ ಎಂದು ಲೆಕ್ಕ ಬಲ್ಲವರು ಕೇಳುತ್ತಾರೆ. ಕಾಗದದ ಮೇಲೆ ಅವರ ಮಾತು ಸರಿ, ಅದನ್ನು ನಾನು ಒಪ್ಪುತ್ತೇನೆ. ಆದರೆ ಬಾಕಿ ಇರುವ ಕಾರ್ಡಿನಲ್ಲಿ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕೈಯಲ್ಲಿ 12,000 ರೂಪಾಯಿ ಹಿಡಿದು ಪೇಟೆಗೆ ಹೋದ ಮನೆ 12,000ದಲ್ಲಿ ಹಬ್ಬ ಮಾಡುತ್ತದೆ, ಕಾರ್ಡ್ ಹಿಡಿದು ಹೋದ ಮನೆ ಇಪ್ಪತ್ತು ಸಾವಿರಕ್ಕೆ ತಲುಪಿದ್ದು ಬಿಲ್ ಬಂದಾಗ ತಿಳಿಯುತ್ತದೆ. ವರ್ಷವಿಡೀ ತೀರಿಸಿದ ಸಾಲ ಒಂದೇ ವಾರದಲ್ಲಿ ಮರಳಿ ಬೆಳೆಯುವುದನ್ನು ತಡೆಯಲು ಪಿಗ್ಮಿಯ ಪುಟ್ಟ ಮೊತ್ತವು ಗದ್ದೆಯ ಬದುವಿನಂತೆ ಕೆಲಸ ಮಾಡುತ್ತದೆ. ಅದಕ್ಕಾಗಿ ಬಡ್ಡಿಯಲ್ಲಿ ಆಗುವ ನಷ್ಟವನ್ನು ನಾನು ಬದು ಕಟ್ಟಿದ ಕೂಲಿಯೆಂದೇ ಲೆಕ್ಕ ಹಾಕುತ್ತೇನೆ.

ಆ ಕೂಲಿ ಮಿತಿಮೀರಬಾರದು. ಸಾಲ ಬಾಕಿ ಇರುವವರೆಗೆ ಹಬ್ಬದ ಪಟ್ಟಿಯನ್ನು ಮಕ್ಕಳ ಬಟ್ಟೆ, ಮನೆಯಲ್ಲೇ ಮಾಡುವ ಎರಡು ಮೂರು ಬಗೆಯ ಕುಸ್ವಾರ್ ಮತ್ತು ಹಬ್ಬದ ಊಟ ಇಷ್ಟಕ್ಕೆ ಕುಗ್ಗಿಸಿ, ಅಷ್ಟಕ್ಕೆ ಮಾತ್ರ ಪಿಗ್ಮಿ ಕಟ್ಟಿ, ಉಳಿದ ಪ್ರತಿ ರೂಪಾಯಿಯನ್ನೂ ಕಾರ್ಡಿನ ಬಾಕಿಗೆ, ಅದೂ ಮಿನಿಮಮ್ ಡ್ಯೂಗಿಂತ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಹೆಚ್ಚಾಗಿ, ಕಟ್ಟುವುದು ಸರಿಯಾದ ಕ್ರಮ. ಮಿನಿಮಮ್ ಡ್ಯೂ ಮಾತ್ರ ಕಟ್ಟುತ್ತಾ ದಿನಕ್ಕೆ ಇನ್ನೂರು ರೂಪಾಯಿ ಪಿಗ್ಮಿ ಹಾಕುವುದನ್ನು ಉಳಿತಾಯವೆನ್ನಲು ನನ್ನ ಮನಸ್ಸು ಒಪ್ಪದು. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಏರಿದ ಪರಿಯನ್ನು ಕಂಡವರು ಎಣ್ಣೆಯಲ್ಲಿ ಕರಿಯುವ ತಿಂಡಿಗಳ ಲೆಕ್ಕವನ್ನು ಮಾತ್ರ ಸ್ವಲ್ಪ ಕೈಬಿಚ್ಚಿ ಹಾಕಿಕೊಳ್ಳುವುದು ಒಳ್ಳೆಯದು.

ಸುರಕ್ಷತೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮಾ ನಿಗಮವಾದ ಡಿಐಸಿಜಿಸಿಯ ವಿಮೆಯ ರಕ್ಷಣೆ 2020ರ ಫೆಬ್ರವರಿಯಿಂದ ಇದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಸಂಘಗಳೆಲ್ಲವೂ ಕೆಟ್ಟವೆಂದು ನಾನು ಹೇಳುತ್ತಿಲ್ಲ, ಹತ್ತಾರು ವರ್ಷ ಪ್ರಾಮಾಣಿಕವಾಗಿ ನಡೆದುಬಂದವು ನಮ್ಮ ಜಿಲ್ಲೆಗಳಲ್ಲಿ ಬಹಳ ಇವೆ. ಆದರೂ ಸಾಲದಿಂದ ಏಳಲು ಹೆಣಗುತ್ತಿರುವ ಮನೆಗೆ ಹಬ್ಬದ ಹಣ ಸಿಕ್ಕಿಕೊಂಡರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲವಾದ್ದರಿಂದ ವಿಮೆ ಇರುವ ಕಡೆಗೇ ನನ್ನ ಒಲವು. ಸಂಸ್ಥೆ ಯಾವುದೇ ಇರಲಿ, ಚೀಟಿಯನ್ನು ಪ್ರತಿದಿನ ಪಡೆಯಬೇಕು, ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಪಾಸ್‌ಬುಕ್ಕಿನಲ್ಲಿ ನಮೂದಾದ ಮೊತ್ತದೊಂದಿಗೆ ತಾಳೆ ನೋಡಬೇಕು. ಪರಿಚಯದ ಕಲೆಕ್ಟರರೆಂಬ ದಾಕ್ಷಿಣ್ಯಕ್ಕೆ ಇದನ್ನು ಬಿಡಬಾರದು.

ಪಿಗ್ಮಿಯ ಆಧಾರದ ಮೇಲೆ ಸಾಲ ಕೊಡುವ ಸೌಲಭ್ಯವನ್ನು ಹಲವು ಸಂಸ್ಥೆಗಳು ದೊಡ್ಡ ಆಕರ್ಷಣೆಯಾಗಿ ಹೇಳಿಕೊಳ್ಳುತ್ತವೆ. ಆ ಸಾಲದ ಹಣದಿಂದ ಹೆಚ್ಚು ಬಡ್ಡಿಯ ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸಿ, ಆಮೇಲೆ ಕಡಿಮೆ ಬಡ್ಡಿಯ ಈ ಸಾಲವನ್ನು ಅದೇ ಕಲೆಕ್ಟರರ ಕೈಯಲ್ಲಿ ದಿನದಿನ ಕಟ್ಟಿ ಮುಗಿಸುವುದಾದರೆ ಇದು ಉತ್ತಮ ದಾರಿ. ಹಬ್ಬದ ಖರ್ಚಿಗಾಗಿಯೇ ಪಿಗ್ಮಿ ಸಾಲ ಪಡೆಯುವುದಾದರೆ ಖಾತೆ ತೆರೆದ ಉದ್ದೇಶವೇ ಕೆಡುತ್ತದೆ.

ತಿಂಗಳ ಸಂಬಳದವರಿಗೆ ಪಿಗ್ಮಿ ಬೇಕಾಗಿಲ್ಲ. ಸಂಬಳ ಬಂದ ಮರುದಿನವೇ ಕಂತು ತಾನಾಗಿ ಹೋಗುವಂತೆ ಮಾಡಿದ ಒಂದು ವರ್ಷದ ಬ್ಯಾಂಕ್ ಆರ್‌ಡಿ ಅವರಿಗೆ ಹೆಚ್ಚು ಬಡ್ಡಿ ಕೊಡುತ್ತದೆ, ಮತ್ತು ಸ್ಟೇಟ್ ಬ್ಯಾಂಕಿನಂಥ ಕಡೆ ತಿಂಗಳಿಗೆ 100 ರೂಪಾಯಿಯಿಂದಲೂ ಅದನ್ನು ತೆರೆಯಬಹುದು. ಅಂಚೆ ಕಚೇರಿಯ ಆರ್‌ಡಿ ಭದ್ರವಾದದ್ದೇ, ಆದರೆ ಅದರ ಅವಧಿ ಐದು ವರ್ಷ, ಮೂರು ವರ್ಷಕ್ಕೆ ಮೊದಲು ಮುಚ್ಚಲಾಗದು. ಮನೆ ದುರಸ್ತಿಗೋ ಮಕ್ಕಳ ಓದಿಗೋ ಅದು ಹೊಂದುತ್ತದೆ, ಪ್ರತಿ ಡಿಸೆಂಬರಿನ ಖರ್ಚಿಗೆ ಹೊಂದುವುದಿಲ್ಲ.

ದಿನಗಳಿಕೆಯ ಮೇಲೆ ನಡೆಯುವ, ಸಾಲ ತೀರಿಸುವ ನಿರ್ಧಾರ ಮಾಡಿರುವ ಮನೆಗಳಿಗೆ ಈ ಸೇವೆಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಖಾತೆ ತೆರೆಯುವ ಮುನ್ನ ಅವಧಿಪೂರ್ವ ಮುಕ್ತಾಯಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ, ಠೇವಣಿಗೆ ವಿಮೆ ಇದೆಯೇ, ಮೊತ್ತವನ್ನು ದಿನದಿಂದ ದಿನಕ್ಕೆ ಬದಲಿಸಬಹುದೇ ಎಂಬ ಮೂರನ್ನು ಬರಹದಲ್ಲಿ ಕೇಳಿ ಪಡೆಯಿರಿ. ಹಬ್ಬ ಮುಗಿದು ಹಣ ಏನಾದರೂ ಉಳಿದರೆ ಜನವರಿಯ ಕಾರ್ಡ್ ಬಿಲ್ಲಿನ ಕೊನೆಯ ದಿನಕ್ಕೆ ಮೊದಲೇ ಅದನ್ನು ಹಳೆಯ ಬಾಕಿಗೆ ಕಟ್ಟಿಬಿಡಿ.