ಟ್ಯಾಮ್ರಾನ್ 28-75 ಎಂಎಂ ಎಫ್/2.8 ಜಿ2: ಬೇಸಿಗೆಗೆ ಇದೊಂದು ಲೆನ್ಸ್ ಸಾಕಾ?

ಈ ಬೇಸಿಗೆಯಲ್ಲಿ ಮನೆಯವರ ಜೊತೆ ಸುತ್ತಾಟ, ಬೆಟ್ಟದ ಪ್ರವಾಸ, ನಡುನಡುವೆ ಪೋರ್ಟ್ರೇಟ್ (ವ್ಯಕ್ತಿಚಿತ್ರ) ಕೆಲಸ, ಎಲ್ಲಕ್ಕೂ ನನ್ನ ಸೋನಿ ಕ್ಯಾಮೆರಾಗೆ ಹಾಕಿದ್ದು ಇದೊಂದೇ ಲೆನ್ಸ್. ತುಂಬಾ ಇಷ್ಟವಾಯಿತು.

ತೂಕ ಬರೀ 540 ಗ್ರಾಂ. ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಏರು ದಾರಿ ಹತ್ತುವಾಗ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುತ್ತದೆ. ಫೋಕಸ್ ಚುರುಕು, ಸದ್ದೇ ಇಲ್ಲ. ಮಕ್ಕಳು ನಮ್ಮ ಕಡೆಗೇ ಓಡಿ ಬರುತ್ತಿದ್ದರೂ ಕಣ್ಣಿನ ಮೇಲಿನ ಫೋಕಸ್ ಸಾಮಾನ್ಯವಾಗಿ ತಪ್ಪುವುದಿಲ್ಲ.

ಪೋರ್ಟ್ರೇಟ್‌ಗೆ 75 ಎಂಎಂನಲ್ಲಿ, ಅಂದರೆ ಪೂರ್ತಿ ಜೂಮ್ ಮಾಡಿ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆದು, ಹಿನ್ನೆಲೆಯಿಂದ ಜನರನ್ನು ಸ್ವಲ್ಪ ಮುಂದೆ ನಿಲ್ಲಿಸಿದರೆ ಹಿಂದಿನದೆಲ್ಲ ಮೆತ್ತಗೆ ಕರಗುತ್ತದೆ, ಚರ್ಮದ ಬಣ್ಣವೂ ಚೆನ್ನಾಗಿ ಬರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಯಾವ ಲೆನ್ಸ್ ಇದ್ದರೂ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಹಾಗಾಗಿ ಮರದ ನೆರಳಿಗೆ ಕರೆದುಕೊಂಡು ಹೋಗಿ. 28 ಎಂಎಂನಲ್ಲಿ 18 ಸೆಂ.ಮೀ. ಹತ್ತಿರದಿಂದಲೂ ತೆಗೆಯಬಹುದು, ಬೆಟ್ಟದ ಸಣ್ಣ ಹೂಗಳಿಗೆ ಇದು ಸೊಗಸು! ಆದರೆ ಅಷ್ಟು ಹತ್ತಿರ ಹೋದರೆ ಲೆನ್ಸಿನ ನೆರಳೇ ಹೂವಿನ ಮೇಲೆ ಬೀಳಬಹುದು.

ಕೊರತೆ ಇಲ್ಲ ಅಂತಲ್ಲ. ಎಂಎಂ ಸಂಖ್ಯೆ ಕಡಿಮೆ ಇದ್ದಷ್ಟೂ ಚಿತ್ರದಲ್ಲಿ ಹೆಚ್ಚು ಅಗಲದ ನೋಟ ಹಿಡಿಯುತ್ತದೆ; ವಿಶಾಲ ಕಣಿವೆಗೆ 28 ಎಂಎಂ ಸಾಲುವುದಿಲ್ಲ, 24 ಇದ್ದಿದ್ದರೆ ಚೆನ್ನಾಗಿತ್ತು ಅಲ್ವಾ? ನಾನು ಕ್ಯಾಮೆರಾ ನಿಲುವಾಗಿ ಹಿಡಿದು ಕೆಲವು ಫೋಟೋ ತೆಗೆದು ಆಮೇಲೆ ಜೋಡಿಸಿದೆ. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ (ಕೈ ನಡುಗಿದರೂ ಫೋಟೋ ಮಸುಕಾಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ನಿಮ್ಮ ಕ್ಯಾಮೆರಾದಲ್ಲೂ ಇಲ್ಲದಿದ್ದರೆ ಸಂಜೆ ಹೊತ್ತು ಶಟರ್ ವೇಗ ಜಾಸ್ತಿ ಇಡಿ.

ಬರೀ ಪೋರ್ಟ್ರೇಟ್ ಮಾಡುವವರು 85 ಎಂಎಂ ಎಫ್/1.8 ತೆಗೆದುಕೊಳ್ಳಿ. ಮನೆಮಂದಿ, ಬೆಟ್ಟ ಎರಡೂ ಬೇಕು ಅನ್ನುವವರಿಗೆ ನನ್ನ ಆಯ್ಕೆ ಇದೇ.