ಅಯಸ್ಕಾಂತ ಅಂಟದ ಕಾರು ತಂದು ಕೆಟ್ಟೆ

ಆಕ್ಸಿಡೆಂಟ್ ಆದ ಸ್ಪೋರ್ಟ್ಸ್ ಕಾರನ್ನು ಕಡಿಮೆಗೆ ತಂದು, ಊರಲ್ಲೇ ರಿಪೇರಿ ಮಾಡಿಸಿ ಓಡಿಸುವ ಲೆಕ್ಕ ಯಾರಾದರೂ ಹಾಕುತ್ತಿದ್ದರೆ ಒಮ್ಮೆ ಇದನ್ನು ಓದಿ. ನಾನೂ ಅದೇ ಲೆಕ್ಕ ಹಾಕಿದವನು.

ಕಾರು ಜಾಗ್ವಾರ್ ಎಫ್-ಟೈಪ್, 2014ರ ಮಾಡೆಲ್. ಮುಂದೆ ಎಡಗಡೆ ಪೆಟ್ಟು ಬಿದ್ದಿತ್ತು. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ಶೇ. 75 ದಾಟಿದರೆ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಅಂತ ಬರೆದು ಗಾಡಿಯನ್ನು ವಿಲೇವಾರಿಗೆ ಬಿಡುತ್ತಾರೆ. ಹಾಗೆ ಬಂದದ್ದನ್ನು ಬ್ರೋಕರ್ ಒಬ್ಬರ ಕೈಯಿಂದ ಕೊಂಡೆ. ಫೋಟೋದಲ್ಲಿ ಹೋಗಿದ್ದದ್ದು ಬಂಪರ್, ಫೆಂಡರ್, ಒಂದು ಹೆಡ್‌ಲೈಟ್, ಬಾನೆಟ್ಟಿನ ಮೂಲೆ. ಏರ್‌ಬ್ಯಾಗ್ ಬಿಚ್ಚಿರಲಿಲ್ಲ. "ಬೋಲ್ಟ್ ಬಿಚ್ಚುವುದು, ಹೊಸತು ಹಾಕುವುದು, ಅಷ್ಟೇ ಸರ್" ಅಂದರು. ಅಷ್ಟೇ ಆಗಿದ್ದರೆ ಟೋಟಲ್ ಲಾಸ್ ಯಾಕಾಯಿತು ಅಂತ ಕೇಳುವ ಬುದ್ಧಿ ಆಗ ಬರಲಿಲ್ಲ.

ಲಾರಿಯಲ್ಲಿ ಸುರತ್ಕಲ್‌ಗೆ ಬಂತು. ನಮ್ಮ ಭಾವ ಹಳೇ ಕಾರು ನೋಡಲು ಹೋದರೆ ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡೇ ಹೋಗುವವರು. ಪುಟ್ಟಿ ಮೆತ್ತಿದ ಕಡೆ ಅದು ಅಂಟುವುದಿಲ್ಲ, ಅದು ಅವರ ಪರೀಕ್ಷೆ. ಡೋರಿಗೆ ಹಿಡಿದರು, ಬಿತ್ತು. ಬಾನೆಟ್ಟಿಗೆ ಹಿಡಿದರು, ಬಿತ್ತು. "ಎಂತ ಮಾರಾಯ, ಇಡೀ ಕಾರೇ ಪುಟ್ಟಿಯಾ?" ಅಂದರು. ನಾವೆಲ್ಲ ನಕ್ಕೆವು. ಬಾಡಿ ಪೂರ್ತಿ ಅಲ್ಯೂಮಿನಿಯಂ ಅಂತ ದೊಡ್ಡದಾಗಿ ವಿವರಿಸಿದವನು ನಾನೇ. ಆದರೆ ಅದರ ಅರ್ಥ ಏನು ಅಂತ ನನಗೂ ಗೊತ್ತಿರಲಿಲ್ಲ.

ಮಂಗಳೂರಿನವರಿಗೆ ಅಲ್ಯೂಮಿನಿಯಂ ಅಂದರೆ ಬಸ್ ಬಾಡಿ ನೆನಪಾಗುತ್ತದೆ. ಶೀಟು, ತೂತು, ಪಾಪ್ ರಿವಿಟ್. ನಾನು ಹಿಡಿದ ಟಿಂಕರ್ ಕೂಡ ವರ್ಷಾನುಗಟ್ಟಲೆ ಬಸ್ಸಿನ ಕೆಲಸ ಮಾಡಿದವರು. ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಒಳಗೆ ರಿವಿಟ್ ಸಾಲು ಕಂಡದ್ದೇ, "ದಾಲ ಟೆನ್ಶನ್ ಇಜ್ಜಿ (ಏನೂ ಟೆನ್ಶನ್ ಇಲ್ಲ) ಅಣ್ಣ, ನಮ್ಮದೇ ಕೆಲಸ" ಅಂದರು. ನನಗೂ ಖುಷಿಯಾಯಿತು.

ಆದರೆ ಬಸ್ಸಿನಲ್ಲಿ ಭಾರ ಹೊರುವುದು ಒಳಗಿನ ಕಬ್ಬಿಣದ ಫ್ರೇಮ್. ಅಲ್ಯೂಮಿನಿಯಂ ಶೀಟು ಅದರ ಮೇಲಿನ ಹೊದಿಕೆ ಮಾತ್ರ. ಈ ಕಾರಲ್ಲಿ ಆ ಶೀಟುಗಳೇ ಫ್ರೇಮು. ಅವನ್ನು ಸೇರಿಸಿರುವುದು ಬರೀ ರಿವಿಟ್ ಅಲ್ಲ, ರಿವಿಟ್ ಮತ್ತು ಅದರಡಿಯ ಗಟ್ಟಿ ಎಪಾಕ್ಸಿ ಅಂಟು, ಎರಡೂ ಸೇರಿ. ಆ ರಿವಿಟ್ಟಿಗೆ ಮೊದಲೇ ತೂತು ಕೊರೆಯುವುದಿಲ್ಲ. ಮೆಷಿನ್ ಒತ್ತಿದಾಗ ಅದು ಮೇಲಿನ ಶೀಟನ್ನು ತಾನೇ ಚುಚ್ಚಿಕೊಂಡು ಹೋಗಿ, ಕೆಳಗಿನ ಶೀಟಿನೊಳಗೆ ಕಾಲಗಲಿಸಿ ಕೂರುತ್ತದೆ. ಒಮ್ಮೆ ತೆಗೆದರೆ ಮುಗಿಯಿತು, ಮತ್ತೆ ಹಾಕಲು ಬರುವುದಿಲ್ಲ.

ಫೆಂಡರ್ ಬಿಚ್ಚಿದಾಗ ಎಡಗಡೆ ಏಪ್ರನ್, ಅಂದರೆ ಚಕ್ರದ ಪಕ್ಕದ ಒಳಗೋಡೆ, ಮಡಚಿಕೊಂಡದ್ದು ಕಂಡಿತು. ಫೋಟೋದಲ್ಲಿ ಇದು ಇರಲೇ ಇಲ್ಲ. ಟಿಂಕರ್ ಎಳೆಯಲು ಚೈನ್ ಬ್ಲಾಕ್ ಕಟ್ಟಿದರು, ಗ್ಯಾಸ್ ಟಾರ್ಚ್ ಹಚ್ಚಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕಬ್ಬಿಣವಾದರೆ ಬಿಸಿಯಾದಂತೆ ಕೆಂಪಾಗುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತ ಕಣ್ಣಿಗೆ ತಿಳಿಯುತ್ತದೆ. ಅಲ್ಯೂಮಿನಿಯಂ ಬಣ್ಣವನ್ನೇ ಬದಲಿಸುವುದಿಲ್ಲ. 660 ಡಿಗ್ರಿಗೆ ಅದು ಕರಗಿಬಿಡುತ್ತದೆ, ಅದಕ್ಕೂ ಎಷ್ಟೋ ಮೊದಲೇ ಬಲ ಕಳೆದುಕೊಂಡಿರುತ್ತದೆ. ಜಾಯಿಂಟಿನ ಸಂದಿಯಿಂದ ಕಂದು ಹೊಗೆ ಬಂತು, ಪ್ಲಾಸ್ಟಿಕ್ ಸುಟ್ಟ ವಾಸನೆ. "ಪೇಂಟ್ ಇರಬೇಕು" ಅಂದರು. ಅದು ಅಂಟು. ಏಪ್ರನ್ ಬೆಣ್ಣೆಯಂತೆ ಎಳೆದ ಕಡೆ ಬಂದು ನೆಟ್ಟಗಾಯಿತು. ಮೂರ್ಖನಂತೆ ನಾನು ಚಪ್ಪಾಳೆ ತಟ್ಟಿದೆ.

ಆಮೇಲೆ ಸಣ್ಣ ಬಿರುಕು ಬಿಟ್ಟಿದ್ದ ಕಡೆ, ಗಟ್ಟಿ ಇರಲಿ ಅಂತ, ಒಳಗಡೆಯಿಂದ ಒಂದು ಕಬ್ಬಿಣದ ಪ್ಲೇಟ್ ಕೊಟ್ಟು ಪಾಪ್ ರಿವಿಟ್ ಹೊಡೆದರು. ಕಬ್ಬಿಣ ಉಜ್ಜಿದ ಅದೇ ಗ್ರೈಂಡರ್ ಡಿಸ್ಕಿನಲ್ಲಿ ಇದನ್ನೂ ಉಜ್ಜಿದರು. (ಅಲ್ಯೂಮಿನಿಯಂ ಪುಡಿ ಹಾರುವ ಜಾಗದಲ್ಲಿ ಕಬ್ಬಿಣದ ಕಿಡಿ ಬಿದ್ದರೆ ಬೆಂಕಿಯೇ ಹತ್ತಬಹುದು. ನಮ್ಮ ಪುಣ್ಯ, ಏನೂ ಆಗಲಿಲ್ಲ.) ಈ ಕೆಲಸ ತಿಳಿದವರು ಅಲ್ಯೂಮಿನಿಯಂಗೆ ಅಂತಲೇ ಬೇರೆ ಕೋಣೆ, ಬೇರೆ ಬ್ರಷ್ಷು, ಬೇರೆ ಸುತ್ತಿಗೆ ಇಟ್ಟಿರುತ್ತಾರೆ. ಆಗ ಯಾರಾದರೂ ಹಾಗೆ ಹೇಳಿದ್ದರೆ ಮಡಿ ಜಾಸ್ತಿಯಾಯಿತು ಅಂತ ನಾನೇ ನಗುತ್ತಿದ್ದೆ.

ಪೇಂಟ್ ಆಗಿ ಬಂದಾಗ ಕಾರು ಚಂದವೇ ಇತ್ತು. ಮೇ ತಿಂಗಳಲ್ಲಿ ರೋಡಿಗಿಳಿಸಿದೆ. ಮುಲ್ಕಿ ಕಡೆ ಹೈವೇಯಲ್ಲಿ 80 ದಾಟಿದರೆ ಎಡಕ್ಕೆ ಎಳೆಯುತ್ತಿತ್ತು. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ, ನಿಲ್ಲಲಿಲ್ಲ. ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಎಡ ಟೈರಿನ ಒಳಬದಿ ಬೋಳಾಗಿತ್ತು.

ಮಳೆ ಶುರುವಾಯಿತು. ಆಗಸ್ಟಿನಲ್ಲಿ ಬಾನೆಟ್ ಎತ್ತಿ ನೋಡಿದರೆ ಆ ಪ್ಲೇಟಿನ ಸುತ್ತ ಪೇಂಟ್ ಗುಳ್ಳೆ ಗುಳ್ಳೆ. ಉಗುರಿನಿಂದ ಕೆರೆದೆ. ಒಳಗೆ ಸುಣ್ಣದಂಥ ಬಿಳಿ ಪುಡಿ. ಕಬ್ಬಿಣ, ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ, ಮಧ್ಯೆ ಉಪ್ಪು ನೀರು ಬಂದರೆ ಅದೊಂದು ಬ್ಯಾಟರಿಯೇ. ಸವೆಯುವುದು ಅಲ್ಯೂಮಿನಿಯಂ. ಫ್ಯಾಕ್ಟರಿಯ ರಿವಿಟ್ಟೂ ಸ್ಟೀಲೇ, ಆದರೆ ಅದಕ್ಕೆ ಕೋಟಿಂಗ್ ಇರುತ್ತದೆ. ನಮ್ಮ ಪ್ಲೇಟಿಗೆ ಎಂಥದೂ ಇರಲಿಲ್ಲ. ಕಡಲು ಇರುವುದು ಮನೆಯಿಂದ ಒಂದೂವರೆ ಕಿಲೋಮೀಟರಿನಲ್ಲಿ.

ಕೊನೆಗೆ ಜಿಗ್ (ಬಾಡಿಯನ್ನು ಕೂರಿಸಿ ಅಳೆಯುವ ಚೌಕಟ್ಟು) ಇರುವ ವರ್ಕ್‌ಶಾಪಿಗೆ ಒಯ್ದು ಅಳತೆ ಮಾಡಿಸಿದೆ. ಸಸ್ಪೆನ್ಷನ್ ಕೂರುವ ಜಾಗವೇ 11 ಮಿಲಿಮೀಟರ್ ಹಿಂದೆ ಸರಿದಿತ್ತು. ಬಿಸಿ ಮಾಡಿ ಎಳೆದ ಭಾಗವನ್ನು ನಂಬಲಾಗದು, ಅದನ್ನೂ ಅದರ ಪಕ್ಕದ್ದನ್ನೂ ಫ್ಯಾಕ್ಟರಿ ಜಾಯಿಂಟಿನಿಂದ ಬಿಡಿಸಿ ಹೊಸತು ಹಾಕಬೇಕು ಅಂದರು. ಎಸ್ಟಿಮೇಟ್ ನಾನು ಕಾರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಬಂತು.

ಇಷ್ಟಾದರೂ ತಗೊಳ್ಳಲೇಬೇಕು ಅನ್ನುವವರು ದುಡ್ಡು ಕೊಡುವ ಮೊದಲು ಬಂಪರ್, ಫೆಂಡರ್ ಬಿಚ್ಚಿಸಿ ನೋಡಿ. ರಿವಿಟ್ ತಲೆಗಳು ಒಂದೇ ಅಂತರದಲ್ಲಿ ಇವೆಯಾ, ಅಂಟಿನ ಗೆರೆ ಬಿಟ್ಟಿದೆಯಾ ನೋಡಿ. ಜಿಗ್ ಅಳತೆಯ ಕಾಗದ ಕೇಳಿ. ಬಿರುಕಿನ ಅನುಮಾನ ಇದ್ದಲ್ಲಿ ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿಯುವ ಬಣ್ಣ) ಹಾಕಿಸಿ, ಕೆಂಪು ಗೆರೆ ಎದ್ದು ಕಾಣುತ್ತದೆ. ಅದಕ್ಕೇನೂ ಭಾರೀ ಖರ್ಚಿಲ್ಲ. ಆರ್‌ಸಿ ಜೀವಂತ ಇದೆಯಾ ಅಂತಲೂ ನೋಡಿ, ರದ್ದಾಗಿದ್ದರೆ ಎಷ್ಟು ಚಂದ ರಿಪೇರಿ ಮಾಡಿದರೂ ಶೆಡ್ಡಿನಲ್ಲೇ. ಟಿಂಕರ್ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲದ ಕೆಲಸವನ್ನು ಅವರ ಕೈಗೆ ಕೊಟ್ಟವನು ನಾನು.

ಎಂಜಿನ್, ಗೇರ್‌ಬಾಕ್ಸ್, ಸೀಟು ಬಿಡಿಬಿಡಿಯಾಗಿ ಮಾರಿದೆ. ಬಾಡಿಯನ್ನು ಮತ್ತೆ ಯಾರೂ ರೋಡಿಗಿಳಿಸುವುದು ಬೇಡ ಅಂತ ಗುಜರಿಗೆ ಹಾಕಿದೆ. ಗುಜರಿಯವರೂ ಜೇಬಿನಿಂದ ಅಯಸ್ಕಾಂತ ತೆಗೆದರು. ಡೋರಿಗೆ ಹಿಡಿದು ತಲೆಯಾಡಿಸಿದರು. ಮುಂದೆ ಬಂದು ಏಪ್ರನ್ ಒಳಗೆ ಹಿಡಿದರು. ಟಕ್ ಅಂತ ಅಂಟಿತು.

"ಕಬ್ಬಿಣ ಸೇರಿಸಿದ್ದೀರಲ್ಲ ಮಾರಾಯ್ರೆ. ಬಿಚ್ಚಿ ತನ್ನಿ, ಇಲ್ಲದಿದ್ದರೆ ಅಲ್ಯೂಮಿನಿಯಂ ರೇಟ್ ಸಿಗುವುದಿಲ್ಲ" ಅಂದರು.